ವಿಧಿಯೋ, ಅರ್ಥವಾದವೋ? — ಶಿಶುವಿದ್ಯೆಯ ನಾಲ್ಕು ವಾಕ್ಯಗಳ ವಿಮರ್ಶೆ

೧

ವಿಮರ್ಶೆಯು ಕಾವ್ಯನಾಟಕಗಳಿಗೆ ಮಾತ್ರ ಸಲ್ಲತಕ್ಕ ಉಪಚಾರವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಕವಿಯ ಒಂದು ಪದವು ಸ್ಥಾನ ತಪ್ಪಿ ಕುಳಿತರೆ ನಾವು ಹತ್ತು ಪುಟಗಳನ್ನು ಬರೆಯುತ್ತೇವೆ. ಶಾಸನದ ಒಂದು ಪದವು ಸ್ಥಾನ ತಪ್ಪಿದರೆ ಅದು ನ್ಯಾಯವಾದಿಗಳ ಪಾಡೆಂದು ಪುಟ ತಿರುವುತ್ತೇವೆ. ಶಾಸನವೂ ವಾಕ್ಯರಚನೆಯೇ ಅಲ್ಲವೆ? ಅದರಲ್ಲಿಯೂ ಕರ್ತೃಪದವಿದೆ, ಕ್ರಿಯಾಪದವಿದೆ, ಬೇಕೆಂದೇ ಬಿಟ್ಟ ಮಾತಿದೆ, ಅರಿಯದೆ ಬಿದ್ದುಹೋದ ಮಾತಿದೆ. ಆದುದರಿಂದ ಈ ಸಂಚಿಕೆಯಲ್ಲಿ ವಾಚಕರ ಮುಂದೆ ಪದ್ಯವನ್ನಿಡದೆ ನಾಲ್ಕು ಗದ್ಯವಾಕ್ಯಗಳನ್ನಿಟ್ಟು, ಸಾಹಿತ್ಯದ ವಿದ್ಯಾರ್ಥಿಯೊಬ್ಬನು ವಿಚಾರಿಸುವ ರೀತಿಯಲ್ಲಿ ಅವುಗಳ ಅರ್ಥವನ್ನು ವಿಚಾರಿಸಬೇಕೆಂದು ನಮ್ಮ ಉದ್ದೇಶ.

ನಾಲ್ಕು ವಾಕ್ಯಗಳೂ ಆರು ವರ್ಷ ತುಂಬದ ಮಗುವಿನ ವಿದ್ಯೆಗೆ ಸಂಬಂಧಿಸಿದವು. ಮೊದಲನೆಯದು ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೪೫ನೆಯ ಅನುಚ್ಛೇದ. ಎರಡನೆಯದು ಅದೇ ಅನುಚ್ಛೇದಕ್ಕೆ ೨೦೦೨ರ ಎಂಬತ್ತಾರನೆಯ ತಿದ್ದುಪಡಿ ಕೊಟ್ಟ ಹೊಸ ರೂಪ. ಮೂರನೆಯದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೧ನೆಯ ಪ್ರಕರಣ. ನಾಲ್ಕನೆಯದು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲನೆಯ ಅಧ್ಯಾಯ.

ವಾಕ್ಯಗಳನ್ನು ಪರೀಕ್ಷಿಸುವುದಕ್ಕೆ ನಮ್ಮ ಮೀಮಾಂಸಕರು ಒಳ್ಳೆಯದೊಂದು ಒರೆಗಲ್ಲನ್ನು ಬಿಟ್ಟುಹೋಗಿದ್ದಾರೆ. 'ಹೀಗೆ ಮಾಡತಕ್ಕದ್ದು' ಎಂದು ಕಟ್ಟುಮಾಡುವುದು ವಿಧಿ. 'ಹೀಗೆ ಮಾಡಕೂಡದು' ಎಂದು ತಡೆಯುವುದು ನಿಷೇಧ. ಕಾರ್ಯದ ಹಿರಿಮೆಯನ್ನು ಹೊಗಳಿ ಮನಸ್ಸನ್ನು ಅದರ ಕಡೆಗೆ ತಿರುಗಿಸುವುದು ಅರ್ಥವಾದ. ಅರ್ಥವಾದಕ್ಕೆ ಬೆಲೆಯಿಲ್ಲವೆಂದಲ್ಲ, ಅದು ವಿಧಿಯ ಬೆನ್ನಿಗೆ ನಿಂತಾಗ ಅದಕ್ಕೆ ಬಲವುಂಟು. ತಾನೊಂದೇ ನಿಂತರೆ ಅದರಿಂದ ಯಾರ ಹೆಗಲ ಮೇಲೂ ಯಾವ ಹೊರೆಯೂ ಬೀಳದು. ವಿಧಿಯಾದರೋ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಲೇಬೇಕು: ಈ ಕಟ್ಟಳೆ ಯಾರಿಗೆ?

ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುವುದು ಮೇಲು. ಶಿಶುವಿಹಾರದ ಶಿಕ್ಷಣವು ಸಾರ್ವಜನಿಕ ಮೂಲಶಿಕ್ಷಣದ ಕಡ್ಡಾಯವಾದ ಅಂಗವಾಗಬೇಕು; ಆ ಕಡ್ಡಾಯವು ಮೊದಲು ಸರ್ಕಾರಕ್ಕೆ, ಆಮೇಲೆ ಮಗುವಿಗೆ. ಮತ್ತು ಹಾಗೆ ಎಲ್ಲರಿಗೂ ದೊರೆಯತಕ್ಕದ್ದು ನಿಜವಾದ ಶಿಶುವಿಹಾರವಾಗಿರಬೇಕೇ ಹೊರತು ಎರಡು ವರ್ಷ ಮುಂಚಿತವಾಗಿ ತಂದ ಒಂದನೆಯ ತರಗತಿಯಾಗಿರಬಾರದು. ಈ ಎರಡರಲ್ಲಿ ಒಂದನ್ನು ಬಿಟ್ಟು ಒಂದನ್ನು ಹಿಡಿದರೆ ಫಲವಿಲ್ಲವೆಂಬುದೇ ಈ ಲೇಖನದ ಸಾರಾಂಶ.

೨

ಮೊದಲನೆಯ ವಾಕ್ಯವನ್ನು ನೋಡೋಣ. ಸಂವಿಧಾನ ಜಾರಿಗೆ ಬಂದ ಹತ್ತು ವರ್ಷಗಳೊಳಗೆ, ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಅದರ ತಾತ್ಪರ್ಯ. ಕ್ರಿಯಾಪದ 'ಪ್ರಯತ್ನಿಸತಕ್ಕದ್ದು' ಎಂಬುದೇ, 'ಒದಗಿಸತಕ್ಕದ್ದು' ಎಂಬುದಲ್ಲ. ಆದರೂ ಆ ವಾಕ್ಯದಲ್ಲಿ ನಾಲ್ಕು ಗುಣಗಳಿದ್ದುವು. ಅದು ಕಾಲದ ಗಡುವನ್ನು ಹೇಳಿತು, ಉಚಿತವೆಂದಿತು, ಕಡ್ಡಾಯವೆಂದಿತು, ಎಲ್ಲಕ್ಕಿಂತ ಮುಖ್ಯವಾಗಿ, ವಯಸ್ಸಿಗೆ ಮೇಲಿನ ಎಲ್ಲೆಯನ್ನು ಮಾತ್ರ ಹಾಕಿ ಕೆಳಗಿನ ಎಲ್ಲೆಯನ್ನು ಹಾಕದೆ ಬಿಟ್ಟಿತು. ಹದಿನಾಲ್ಕರ ಒಳಗೆ ಹತ್ತೂ ಸೇರಿತು, ನಾಲ್ಕೂ ಸೇರಿತು. ಹತ್ತು ವರ್ಷಗಳ ಗಡುವು ೧೯೬೦ರಲ್ಲಿ ತೀರಿತು, ಕಾರ್ಯ ತೀರಲಿಲ್ಲ. ೧೯೯೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪಿನಲ್ಲಿ, ಹದಿನಾಲ್ಕು ತುಂಬುವವರೆಗಿನ ಶಿಕ್ಷಣವು ಜೀವಿಸುವ ಹಕ್ಕಿನೊಳಗೇ ಅಡಗಿದೆಯೆಂದು ಹೇಳಿ ಹಳೆಯ ವಾಕ್ಯಕ್ಕೆ ಹೊಸ ಪ್ರಾಣವನ್ನು ಕೊಟ್ಟಿತು.

ಎರಡನೆಯ ವಾಕ್ಯ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ೨೦೦೨ರ ತಿದ್ದುಪಡಿಯು ಆರರಿಂದ ಹದಿನಾಲ್ಕರವರೆಗಿನ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿತು. ಇದು ದೊಡ್ಡ ಕಾರ್ಯ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಲೇಖನಿ ೪೫ನೆಯ ಅನುಚ್ಛೇದವನ್ನು ಒರಸಿ ಬೇರೆ ಬರೆಯಿತು: ಆರು ತುಂಬುವವರೆಗಿನ ಎಲ್ಲ ಮಕ್ಕಳಿಗೆ ಪಾಲನೆಯನ್ನೂ ಶಿಕ್ಷಣವನ್ನೂ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು. ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸವು ಕಣ್ಣಿಗೆ ಹೊಡೆಯುತ್ತದೆ. 'ಪಾಲನೆ' ಎಂಬ ಒಳ್ಳೆಯ ಪದ ಸೇರಿದೆ. ಗಡುವು ಹೋಗಿದೆ, 'ಉಚಿತ' ಹೋಗಿದೆ, 'ಕಡ್ಡಾಯ' ಹೋಗಿದೆ. ಉಳಿದದ್ದು 'ಪ್ರಯತ್ನ'ವೊಂದೇ. ಅಣ್ಣನಿಗೆ ಹಕ್ಕುಪತ್ರ ಬರೆದುಕೊಟ್ಟ ದಿನವೇ ತಮ್ಮನ ಪಾಲನ್ನು ಸದಿಚ್ಛೆಗೆ ಬಿಟ್ಟಂತಾಯಿತು. ಅದೇ ೨೦೦೨ರಲ್ಲಿ, ಭೂಮಂಡಲದ ಆಚೆಯ ಬದಿಯಲ್ಲಿರುವ ಮೆಕ್ಸಿಕೋ ದೇಶವು ತನ್ನ ಸಂವಿಧಾನವನ್ನು ತಿದ್ದಿ ಶಾಲಾಪೂರ್ವ ಶಿಕ್ಷಣವನ್ನು ಕಡ್ಡಾಯ ಶಿಕ್ಷಣದ ಅಂಗವಾಗಿ ಮಾಡಿತೆಂಬುದನ್ನು ಇಲ್ಲಿ ನೆನೆಯಬೇಕು.

ಮೂರನೆಯ ವಾಕ್ಯ ಇನ್ನೂ ಮೃದು. ಮೂರು ವರ್ಷ ದಾಟಿದ ಮಕ್ಕಳನ್ನು ಪ್ರಾಥಮಿಕ ಶಿಕ್ಷಣಕ್ಕೆ ಅಣಿಗೊಳಿಸುವುದಕ್ಕಾಗಿ ಸರ್ಕಾರವು ಉಚಿತ ಶಾಲಾಪೂರ್ವ ಶಿಕ್ಷಣದ ಏರ್ಪಾಡನ್ನು 'ಮಾಡಬಹುದು' ಎಂದು ಅದು ಹೇಳುತ್ತದೆ. ಪ್ರಯತ್ನವು ಅನುಮತಿಯಾಯಿತು. ಮಾಡಬಹುದಾದುದನ್ನು ಮಾಡದಿದ್ದವನನ್ನು ಯಾವ ನ್ಯಾಯಸ್ಥಾನದಲ್ಲಿ ನಿಲ್ಲಿಸಿ ಕೇಳುವುದು? ಅದೇ ಕಾಯಿದೆಯ ಎರಡನೆಯ ಪ್ರಕರಣದಲ್ಲಿ 'ಮಗು' ಎಂಬ ಶಬ್ದಕ್ಕೆ ಲಕ್ಷಣ ಹೇಳಿದೆ: ಆರರಿಂದ ಹದಿನಾಲ್ಕು ವರ್ಷದ ಗಂಡು ಅಥವಾ ಹೆಣ್ಣು. ಎಂದರೆ ಆ ಕಾಯಿದೆಯ ನಿಘಂಟಿನಲ್ಲಿ ನಾಲ್ಕು ವರ್ಷದ ಮಗು ಮಗುವೇ ಅಲ್ಲ! ಇದು ನಮ್ಮ ಕುಚೋದ್ಯವಲ್ಲ. ಪ್ರವೇಶಕ್ಕೆ ಬಂದ ಮಗುವನ್ನೂ ಹೆತ್ತವರನ್ನೂ ಪರೀಕ್ಷಿಸಿ ಆರಿಸಕೂಡದೆಂದು ಆ ಕಾಯಿದೆಯ ೧೩ನೆಯ ಪ್ರಕರಣ ನಿಷೇಧಿಸುತ್ತದೆ. ಆದರೆ ದೆಹಲಿಯ ಉಚ್ಚ ನ್ಯಾಯಾಲಯವು ೨೦೧೩ರಲ್ಲಿ, ದುರ್ಬಲ ವರ್ಗದ ಮಕ್ಕಳಿಗೆಂದು ಮೀಸಲಾದ ಸ್ಥಾನಗಳ ಹೊರತು ಖಾಸಗಿ ಶಾಲೆಗಳ ನರ್ಸರಿ ಪ್ರವೇಶಕ್ಕೆ ಕಾಯಿದೆಯು ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಅಕ್ಷರಾರ್ಥದಿಂದ ನೋಡಿದರೆ ಬೇರೆ ತೀರ್ಪು ಕಷ್ಟವಾಗಿತ್ತು. ತಪ್ಪು ಓದಿದವರದಲ್ಲ, ಬರೆದವರದು.

ಈ ತಪ್ಪಿನ ಬೆಲೆ ಏನೆಂಬುದನ್ನು ಈ ಲೇಖಕನು ತನ್ನ ಮನೆಯಲ್ಲಿಯೇ ಕಂಡಿದ್ದಾನೆ. ಕೆಲವು ವರ್ಷಗಳ ಹಿಂದೆ ಮೊಮ್ಮಗಳನ್ನು ಕರೆದುಕೊಂಡು ಒಂದು ಶಾಲೆಗೆ ಹೋದೆವು. ಅವಳಿಗೆ ಮೂರೂವರೆ ವರ್ಷ. ಮೇಜಿನ ಆಚೆ ಕುಳಿತವರು ಬಣ್ಣದ ಚೀಟಿಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ನೇರಿಳೆಯ ಬಣ್ಣದ ಚೀಟಿ ಬಂದಾಗ ಹುಡುಗಿ ಉಲ್ಲಾಸದಿಂದ 'ಬದನೆಕಾಯಿ' ಎಂದಳು. ಅವರು ಕಾಗದದ ಮೇಲೆ ಏನನ್ನೋ ಗುರುತು ಹಾಕಿಕೊಂಡರು. ಸ್ಥಾನ ದೊರೆಯಲಿಲ್ಲ. ಬಣ್ಣದಿಂದ ವಸ್ತುವನ್ನು ನೆನೆಯುವ ಶಕ್ತಿ ಕಾವ್ಯದ ಮೊದಲ ಮೊಳಕೆ. ನಾವು ಅದಕ್ಕೆ ಉಪಮೆಯೆಂದು ಹೆಸರಿಟ್ಟು ದೊಡ್ಡವರಿಗೆ ಕಲಿಸುತ್ತೇವೆ. ಅಲ್ಲಿ ಅದು ತಪ್ಪು ಉತ್ತರವಾಯಿತು. ಆದರೆ ಆ ಶಾಲೆಯ ಮೇಲೆ ದೂರು ಹೇಳಿ ಪ್ರಯೋಜನವೇನು? ಶಾಸನವು ಕೈಬಿಟ್ಟ ಬಯಲಿನಲ್ಲಿ ಯಾರು ಬೇಕಾದರೂ ಬೇಲಿ ಹಾಕಬಹುದು.

ನಾಲ್ಕನೆಯ ವಾಕ್ಯವು ಅಲಂಕಾರದಲ್ಲಿ ಮಿಕ್ಕ ಮೂರನ್ನೂ ಮೀರಿಸಿದೆ. ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿಯ ಘಟ್ಟವೆಂದು ಕಂಡದ್ದು ೨೦೨೦ರ ನೀತಿಯ ನಿಜವಾದ ಒಳನೋಟ. ಆಟ, ಹಾಡು, ಕಥೆ, ಮನೆಮಾತುಗಳಿಗೆ ಅಲ್ಲಿ ಸಂದಿರುವ ಮರ್ಯಾದೆಯೂ ಸಣ್ಣದಲ್ಲ. ಆರು ವರ್ಷಕ್ಕೆ ಮುಂಚೆಯೇ ಮೆದುಳಿನ ಬೆಳವಣಿಗೆ ನೂರಕ್ಕೆ ೮೫ಕ್ಕಿಂತ ಹೆಚ್ಚು ಪಾಲು ಆಗಿಹೋಗುತ್ತದೆಂದು ಅದು ಹೇಳಿ, ೨೦೩೦ರ ಒಳಗೆ ಎಲ್ಲ ಮಕ್ಕಳಿಗೂ ಈ ಶಿಕ್ಷಣ ದೊರೆಯುವಂತಾಗಬೇಕೆಂದು ಗಡುವನ್ನೂ ಇಡುತ್ತದೆ. ಗಡುವು ಮರಳಿ ಬಂದದ್ದು ಸಂತೋಷ. ಆದರೆ ನೀತಿಯು ಶಾಸನವಲ್ಲ. ೧೧ನೆಯ ಪ್ರಕರಣದ 'ಬಹುದು' ಎಂಬುದನ್ನು ಅದು ಮುಟ್ಟಿಲ್ಲ. ಆದಕಾರಣ, ಎಷ್ಟು ಸುಂದರವಾಗಿದ್ದರೂ, ಅದು ಅರ್ಥವಾದವೇ ಸರಿ. ಹೊಗಳಿಕೆಯಿದೆ, ಹೊಣೆಯಿಲ್ಲ.

೩

ವಾಕ್ಯಗಳಿಂದ ಹೆಸರುಗಳ ಕಡೆಗೆ ತಿರುಗೋಣ. ಏಕೆಂದರೆ ಯಾವುದನ್ನು ಎಲ್ಲರಿಗೂ ಒದಗಿಸಬೇಕೆಂಬ ಪ್ರಶ್ನೆಗೆ ಉತ್ತರವು ಹೆಸರಿನಲ್ಲಿಯೇ ಇದೆ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ಎಂಬ ಮಹನೀಯನು ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, ೧೮೪೦ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟನು. ಮಕ್ಕಳ ತೋಟವೆಂದು ಅದರ ಅರ್ಥ. ಅವನು ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು. ಚೆಂಡು, ಗೋಳ, ಮರದ ತುಂಡುಗಳು, ಹಾಡು, ಕೈತೋಟ, ಇವೇ ಅವನ ಪಠ್ಯಗಳು. ತೋಟಗಾರನು ಗಿಡವನ್ನು ಎಳೆದು ಉದ್ದ ಮಾಡುವುದಿಲ್ಲ. ನೆಲ, ನೀರು, ಬಿಸಿಲುಗಳನ್ನು ಅಣಿಮಾಡಿ ಕಾಯುತ್ತಾನೆ. ಇಷ್ಟು ನಿರಪಾಯವಾದ ಕಾರ್ಯವನ್ನು ಕಂಡು ಪ್ರಷ್ಯದ ಸರ್ಕಾರವು ೧೮೫೧ರಲ್ಲಿ ಈ ತೋಟಗಳನ್ನು ನಿಷೇಧಿಸಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅದರಲ್ಲಿ ನಾಸ್ತಿಕತೆಯ ವಾಸನೆ ಬಂದಿತಂತೆ. ಮರುವರ್ಷ ಫ್ರೋಬೆಲನು ತೀರಿಕೊಂಡನು. ನಿಷೇಧವು ತೊಲಗಿದ್ದು ೧೮೬೦ರಲ್ಲಿ.

ಈ ತೋಟದ ಕಲ್ಪನೆ ನಮ್ಮ ದೇಶಕ್ಕೆ ಬಂದಾಗ ಹೆಸರಿನಲ್ಲಿದ್ದ ತೋಟವೂ ಜೊತೆಯಲ್ಲಿಯೇ ಬಂದಿತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಬಾಲಮಂದಿರವನ್ನು ತೆರೆದರು. ಅವರ ಸಹಚಾರಿಣಿಯಾದ ತಾರಾಬಾಯಿ ಮೋಡಕರು ೧೯೪೫ರಲ್ಲಿ ಮಹಾರಾಷ್ಟ್ರದ ಕಡಲ ತೀರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ, ಅನುತಾಯಿ ವಾಘರೊಡನೆ ಬಡವರ ಮಕ್ಕಳಿಗಾಗಿ ಬಾಲವಾಡಿಯನ್ನು ನಡೆಸಿದರು. ಮಾಂಟೆಸೊರಿ ಪದ್ಧತಿಯ ಬೆಲೆಬಾಳುವ ಸಲಕರಣೆಗಳು ಅಲ್ಲಿ ಎಲ್ಲಿ ಬರಬೇಕು? ಚಿಪ್ಪು, ಬೆಣಚುಕಲ್ಲು, ಎಲೆ, ಬೀಜಗಳೇ ಸಲಕರಣೆಗಳಾದುವು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಕೊಂಡೊಯ್ದರು. ಅಂಗಳದ ತೋಟವೇ ಅಂಗನವಾಡಿ. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗವನ್ನು ನಡೆಸಿದ ಸ್ಥಳಕ್ಕೆ ಬಾಲವನವೆಂದೇ ಹೆಸರು. ೨೦೨೦ರ ನೀತಿಯು ಒಂದನೆಯ ತರಗತಿಗೆ ಹಿಂದಿನ ವರ್ಷವನ್ನು ಬಾಲವಾಟಿಕೆ ಎಂದು ಕರೆದಿದೆ. ಜರ್ಮನ್, ಮರಾಠಿ, ಕನ್ನಡ, ಸಂಸ್ಕೃತ, ಯಾವ ಭಾಷೆಯಲ್ಲಿ ನೋಡಿದರೂ ತೋಟವೇ.

ನಮ್ಮ ಪೇಟೆಬೀದಿಗಳಲ್ಲಿ ಮಾತ್ರ ಅದು 'ಎಲ್.ಕೆ.ಜಿ.', 'ಯು.ಕೆ.ಜಿ.' ಎಂದಾಗಿದೆ. ಎರಡು ಅಕ್ಷರಗಳಾಗಿ ಕುಗ್ಗಿದ ಈ ತೋಟವು ಕಿರಾಣಿ ಅಂಗಡಿಯ ತೂಕದ ಬಟ್ಟಿನ ಮೇಲೆ ಕೆತ್ತಿದ ಅಕ್ಷರಗಳಿಂದ ಬೇರೆಯಾಗಿ ಕಾಣುವುದಿಲ್ಲ. ಅಲ್ಲಿ ನಡೆಯುವ ಕಾರ್ಯವೂ ಬಹುಮಟ್ಟಿಗೆ ತೂಗುವ ಕಾರ್ಯವೇ. ನಾಲ್ಕು ವರ್ಷದ ಬೆರಳುಗಳು ಒಂದರಿಂದ ನೂರರವರೆಗೆ ಬರೆಯುತ್ತವೆ. ಮನೆಗೆ ಪಾಠ ಬರುತ್ತದೆ. ಪರೀಕ್ಷೆ, ಅಂಕ, ಸ್ಥಾನ ಎಲ್ಲವೂ ಬರುತ್ತವೆ. ಯಶಪಾಲರ ಸಮಿತಿಯು ೧೯೯೩ರಲ್ಲಿಯೇ ನರ್ಸರಿ ಪ್ರವೇಶದ ಪರೀಕ್ಷೆ ಸಂದರ್ಶನಗಳನ್ನು ನಿಲ್ಲಿಸಬೇಕೆಂದಿತ್ತು. ಹೇಳಿದ್ದು ಸಲಹೆ, ಸಲಹೆಯ ಗತಿ ಸಲಹೆಗೆ ಆಯಿತು. ತರಗತಿಗಳ ಕಾಲಗಣನೆಯನ್ನು ಕೂಡ ಇಂದು ವ್ಯಾಪಾರವೇ ಗೊತ್ತುಮಾಡುತ್ತಿದೆ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರವು ನಿಯಮ ಮಾಡಿದಾಗ, ಅದಕ್ಕೆ ಮುಂಚೆಯೇ ಯು.ಕೆ.ಜಿ. ಮುಗಿಸಿ ನಿಂತ ಮಕ್ಕಳ ತಂದೆತಾಯಿಗಳು ಮೊರೆಯಿಟ್ಟರು. ೨೦೨೫–೨೬ನೆಯ ಸಾಲಿಗೆ ಮಾತ್ರವೆಂದು ಐದು ವರ್ಷ ಐದು ತಿಂಗಳಿಗೆ ವಿನಾಯಿತಿ ಕೊಡಬೇಕಾಯಿತು.

೪

ಹಾಗಾದರೆ ಸರ್ಕಾರವು ಏನೂ ಮಾಡಿಲ್ಲವೆ? ಮಾಡಿದೆ, ಅದನ್ನು ಮರೆತರೆ ವಿಮರ್ಶೆಯು ಅನ್ಯಾಯವಾದೀತು. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು; ಕರ್ನಾಟಕದಲ್ಲಿ ಅದರ ಮೊದಲ ಹೆಜ್ಜೆ ಬಿದ್ದದ್ದು ತಿರುಮಕೂಡಲು ನರಸೀಪುರದಲ್ಲಿ. ಇಂದು ನಮ್ಮ ರಾಜ್ಯವೊಂದರಲ್ಲಿಯೇ ೬೫,೦೦೦ಕ್ಕೂ ಮೇಲ್ಪಟ್ಟು ಅಂಗನವಾಡಿಗಳಿವೆ. ಶಾಲೆಯಿಲ್ಲದ ಹಾಡಿಯಲ್ಲಿಯೂ ಅಂಗನವಾಡಿಯನ್ನು ಕಾಣಬಹುದು. ಲೋಕದಲ್ಲಿ ಎಳೆಯ ಮಕ್ಕಳಿಗಾಗಿ ಇಷ್ಟು ವಿಸ್ತಾರವಾದ ಏರ್ಪಾಡು ಅಪರೂಪ.

ಆದರೆ ಈ ಏರ್ಪಾಡಿನಲ್ಲಿ ಮಗುವಿನ ಹೊಟ್ಟೆಗೊಂದು ನ್ಯಾಯ, ಮನಸ್ಸಿಗೊಂದು ನ್ಯಾಯ. ೨೦೧೩ರ ಆಹಾರ ಭದ್ರತೆಯ ಕಾಯಿದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಊಟವು ಹಕ್ಕು. ಅಲ್ಲಿ ವಿಧಿಯಿದೆ. ಅದೇ ಮಗುವು ಊಟಕ್ಕೆ ಮುಂಚೆ ಕೇಳುವ ಕಥೆ, ಆಡುವ ಆಟ, ಕಲಿಯುವ ಮಾತು, ಇವೆಲ್ಲ 'ಬಹುದು' ಎಂಬಲ್ಲಿಯೇ ನಿಂತಿವೆ. ಎರಡೂ ಒಂದೇ ಸೂರಿನ ಕೆಳಗೆ, ಒಬ್ಬಳೇ ಹೆಂಗಸಿನ ಕೈಯಿಂದ ನಡೆಯತಕ್ಕವು; ಒಂದು ಋಣ, ಇನ್ನೊಂದು ದಯೆ. ಹೀಗಿರುವಾಗ ವೇಳೆ ಸಾಲದೆ ಬಂದರೆ ಯಾವುದು ಬಿದ್ದುಹೋಗುವುದೆಂದು ಹೇಳಬೇಕಾಗಿಲ್ಲ.

ವೇಳೆ ಸಾಲುವುದೂ ಇಲ್ಲ. ಅಡಿಗೆಯ ಮೇಲ್ವಿಚಾರಣೆ, ತೂಕ ನೋಡುವುದು, ಚುಚ್ಚುಮದ್ದಿನ ದಿನ ತಾಯಂದಿರನ್ನು ಕೂಡಿಸುವುದು, ಗರ್ಭಿಣಿಯರ ಲೆಕ್ಕ, ಮನೆಮನೆಯ ಭೇಟಿ, ಗಣತಿಗಳು, ಈಗ ಕೈಯಲ್ಲಿ ಹಿಡಿದ ದೂರವಾಣಿಯಲ್ಲಿ ತುಂಬಬೇಕಾದ ವಿವರಗಳು: ಇಷ್ಟೆಲ್ಲ ಆದಮೇಲೆ ಉಳಿದ ಕಾಲದಲ್ಲಿ ಕಾರ್ಯಕರ್ತೆಯು ಗುರುವಾಗಬೇಕು. ಅವಳಿಗೆ ಸಲ್ಲುವ ಹಣದ ಹೆಸರು 'ಗೌರವಧನ'. ೨೦೧೮ರ ಅಕ್ಟೋಬರಿನಿಂದ ಜಾರಿಗೆ ಬಂದಂತೆ ಕೇಂದ್ರದ ಲೆಕ್ಕದಲ್ಲಿ ಅದು ತಿಂಗಳಿಗೆ ೪,೫೦೦ ರೂಪಾಯಿ. ರಾಜ್ಯವು ತನ್ನ ಪಾಲನ್ನು ಮೇಲೆ ಸೇರಿಸುತ್ತದೆ. ಮಗುವಿಗೆ 'ಪ್ರಯತ್ನ', ಗುರುವಿಗೆ 'ಗೌರವ': ಎರಡೂ ಉಪಚಾರದ ಮಾತುಗಳೆಂಬುದನ್ನು ವಾಚಕರು ಗಮನಿಸಬೇಕು. ವೇತನವೆಂದರೆ ಸಾಲಗಾರರಾಗುತ್ತೇವೆ, ಗೌರವವೆಂದರೆ ದಾನಿಗಳಾಗಿ ಉಳಿಯುತ್ತೇವೆ. ಸರ್ವೋಚ್ಚ ನ್ಯಾಯಾಲಯವು ೨೦೨೨ರಲ್ಲಿ ಈ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಉಪದಾನದ ಕಾಯಿದೆ ಅನ್ವಯಿಸುವುದೆಂದು ತೀರ್ಪು ಕೊಟ್ಟು, ಅವರು ಮಕ್ಕಳಿಗೆ ಕೊಡುವ ಶಿಕ್ಷಣವನ್ನೂ ಎಣಿಕೆಗೆ ತೆಗೆದುಕೊಂಡದ್ದು, ಉಪಚಾರದ ಭಾಷೆಯಿಂದ ಋಣದ ಭಾಷೆಯ ಕಡೆಗೆ ಇಟ್ಟ ಮೊದಲನೆಯ ಹೆಜ್ಜೆ.

ಅಂಗನವಾಡಿಯಿಂದ ನಿಜವಾದ ಶಿಶುವಿಹಾರವಾಗಲು ಸಾಧ್ಯವೆ ಎಂದು ಸಂಶಯಪಡುವವರಿಗೆ ನೆರೆಯ ತಮಿಳುನಾಡಿನ ಒಂದು ಪ್ರಯೋಗವನ್ನು ತೋರಿಸಬಹುದು. ೩೨೦ ಕೇಂದ್ರಗಳನ್ನು ಆರಿಸಿ, ಅರ್ಧದಷ್ಟು ಕಡೆ ಶಿಕ್ಷಣಕ್ಕೆಂದೇ ಇನ್ನೊಬ್ಬ ಅರೆಹೊತ್ತಿನ ಕಾರ್ಯಕರ್ತೆಯನ್ನು ನೇಮಿಸಿದರು. ಕಲಿಸುವ ಕಾಲ ಎರಡರಷ್ಟಾಯಿತು. ಹದಿನೆಂಟು ತಿಂಗಳ ಬಳಿಕ ನೋಡಿದರೆ ಮಕ್ಕಳ ಭಾಷೆಯೂ ಲೆಕ್ಕವೂ ಸುಧಾರಿಸಿದ್ದುವು. ಕೇಂದ್ರವನ್ನು ಬಿಡದೆ ಬರುತ್ತಿದ್ದ ಮಕ್ಕಳಲ್ಲಿ ಮೈಬೆಳವಣಿಗೆ ಕುಂಠಿತವಾದವರ ಸಂಖ್ಯೆಯೂ ಇಳಿದಿತ್ತು. ಹಳೆಯ ಕಾರ್ಯಕರ್ತೆಗೆ ಪೋಷಣೆಯ ಕಡೆಗೆ ಗಮನ ಕೊಡಲು ಬಿಡುವು ದೊರೆತುದೇ ಇದರ ಗುಟ್ಟು. ಬೇಕಾಗಿದ್ದುದು ಹೊಸ ಸಿದ್ಧಾಂತವಲ್ಲ, ಇನ್ನೊಂದು ಜೊತೆ ಕೈ.

ನಮ್ಮಲ್ಲಿ ೨೦೨೪ರಲ್ಲಿ ನಡೆದುದು ಬೇರೆ ಬಗೆ. ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತೆರೆಯುವ ನಿರ್ಧಾರ ಹೊರಟಾಗ, ತಮ್ಮ ಕೇಂದ್ರಗಳು ಬರಿದಾಗುವುವೆಂದು ಅಂಗನವಾಡಿಯವರು ಬೀದಿಗಿಳಿದರು. ಬಳಿಕ ಅಂಗನವಾಡಿಗಳಲ್ಲಿಯೇ ಕೆಲವೆಡೆ ಆ ತರಗತಿಗಳು ಆರಂಭವಾದುವು. ಮಗು ಯಾವ ಇಲಾಖೆಗೆ ಸೇರಿದ್ದೆಂಬ ವಾದದಲ್ಲಿ ಎರಡೂ ಕಡೆಯವರಲ್ಲಿ ನ್ಯಾಯವಿತ್ತು. ಏಕೆಂದರೆ ಯಾರ ಹೊಣೆಯೆಂದು ಹೇಳತಕ್ಕ ವಾಕ್ಯವೇ ಇರಲಿಲ್ಲ.

೫

ಇನ್ನು ಪೂರ್ವಪಕ್ಷಗಳನ್ನು ಕೇಳೋಣ. ಎಳೆಯ ಮಗುವಿಗೆ ತಾಯಿಯ ಮಡಿಲೇ ಪಾಠಶಾಲೆ, ಅಜ್ಜಿಯ ಕಥೆಯೇ ಪಠ್ಯ, ಅದನ್ನು ಸರ್ಕಾರದ ಕೈಗೆ ಒಪ್ಪಿಸುವುದು ಕ್ರೌರ್ಯವೆಂಬುದು ಮೊದಲನೆಯದು. ಈ ಮಾತಿನ ಹಿಂದಿರುವ ವಾತ್ಸಲ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಇದನ್ನು ಹೇಳುವವರ ಮನೆಗಳಲ್ಲಿಯೇ ಮೂರು ವರ್ಷದ ಮಗು ಚೀಲ ಹೊತ್ತು ಹಳದಿ ಬಂಡಿ ಹತ್ತುವುದನ್ನು ದಿನವೂ ಕಾಣುತ್ತೇವೆ. ಅಜ್ಜಿಯ ಕಥೆ ಸಾಕೆಂಬ ಉಪದೇಶವು ಕಾಫಿ ತೋಟದ ಕೂಲಿಯ ಮಗುವಿಗೆ, ಕಟ್ಟಡದ ಮರಳರಾಶಿಯ ಮೇಲೆ ಮಲಗಿರುವ ಮಗುವಿಗೆ ಮಾತ್ರ ಮೀಸಲೆ? ಅಲ್ಲಿ ಅಜ್ಜಿಯೂ ಕೂಲಿಗೆ ಹೋಗಿರುತ್ತಾಳೆ. ಐದು ವರ್ಷದ ಅಕ್ಕನೇ ಅಜ್ಜಿ.

ಇದರಿಂದ ಪ್ರಯೋಜನವುಂಟೆಂಬುದಕ್ಕೆ ಪ್ರಮಾಣವೇನು ಎಂಬುದು ಎರಡನೆಯದು. ಇದು ತೂಕವುಳ್ಳ ಪ್ರಶ್ನೆ. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ೧೯೬೨ರಿಂದ ೧೯೬೭ರವರೆಗೆ ಬಡ ಕರಿಯರ ೧೨೩ ಮಕ್ಕಳನ್ನು ಎರಡು ಪಂಗಡ ಮಾಡಿ, ೫೮ ಮಂದಿಗೆ ಉತ್ತಮ ಶಿಶುವಿಹಾರವನ್ನು ಒದಗಿಸಿದರು. ನಲವತ್ತು ವರ್ಷ ವಯಸ್ಸಾಗುವವರೆಗೂ ಬೆನ್ನುಹತ್ತಿ ನೋಡಿದಾಗ ಅವರು ಓದನ್ನು ಮುಗಿಸಿದ್ದರಲ್ಲಿ, ದುಡಿದುದರಲ್ಲಿ, ಸೆರೆಮನೆಯಿಂದ ದೂರವಿದ್ದುದರಲ್ಲಿ ಉಳಿದವರಿಗಿಂತ ಮೇಲಾಗಿದ್ದರು. 'ಪೆರಿ ಶಾಲೆಯ ಪ್ರಯೋಗ'ವೆಂದು ಇದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಪ್ರಾಮಾಣಿಕ ವಿಮರ್ಶಕನು ಇನ್ನೊಂದನ್ನೂ ಹೇಳಬೇಕು. ಅದೇ ದೇಶದ ಟೆನೆಸಿ ಸಂಸ್ಥಾನದಲ್ಲಿ ಬಡವರ ಸುಮಾರು ೩,೦೦೦ ಮಕ್ಕಳನ್ನು ಕುರಿತು ನಡೆದ ಪರಿಶೀಲನೆಯ ಫಲವು ೨೦೨೨ರಲ್ಲಿ ಪ್ರಕಟವಾಯಿತು. ಸರ್ಕಾರದ ಶಿಶುತರಗತಿಗೆ ಹೋದ ಮಕ್ಕಳು ಆರನೆಯ ತರಗತಿಗೆ ಬರುವ ವೇಳೆಗೆ, ಹೋಗದವರಿಗಿಂತ ಓದಿನಲ್ಲಿಯೂ ನಡತೆಯಲ್ಲಿಯೂ ಹಿಂದೆ ಬಿದ್ದಿದ್ದರು.

ಈ ಎರಡನೆಯ ಫಲವು ನಮ್ಮ ವಾದವನ್ನು ಮುರಿಯುತ್ತದೆಯೆ? ನಾವು ಹಾಗೆ ಎಣಿಸುವುದಿಲ್ಲ. ಅದು ನಮ್ಮ ವಾದದ ಉತ್ತರಾರ್ಧಕ್ಕೇ ಬಲವೆಂದು ತೋರುತ್ತದೆ. ಎಲ್ಲರಿಗೂ ಒದಗಿಸಿದರೆ ಸಾಲದು. ಏನನ್ನು ಒದಗಿಸಿದೆವೆಂಬುದು ಮುಖ್ಯ. ಹೆಸರು ತೋಟದ್ದಾಗಿ ಒಳಗೆ ಸಾಲುಬೆಂಚು, ಮೌನ, ಅಕ್ಷರದ ತಿದ್ದಾಟಗಳೇ ತುಂಬಿದ್ದರೆ, ಬಾರದಿದ್ದವನು ಬಂದವನಿಗಿಂತ ಭಾಗ್ಯಶಾಲಿಯಾದರೆ ಆಶ್ಚರ್ಯವೇನು? ಬ್ರಿಟಿಷರ ಕಾಲದ ಕೊನೆಯಲ್ಲಿ, ೧೯೪೪ರಲ್ಲಿ ಸಾರ್ಜೆಂಟರ ವರದಿಯು ಶಿಶುಶಾಲೆಗಳನ್ನು ರಾಷ್ಟ್ರೀಯ ಶಿಕ್ಷಣದ ಅವಶ್ಯವಾದ ಅಂಗವೆಂದು ಎಣಿಸಿ, ಅಲ್ಲಿ ಬೇಕಾದುದು ಪಾಠವಲ್ಲ, ಒಡನಾಟದ ಅನುಭವವೆಂದು ಸ್ಪಷ್ಟವಾಗಿ ಹೇಳಿತ್ತು. ೧೯೪೫ರಲ್ಲಿ ಸೇವಾಗ್ರಾಮದ ಸಮ್ಮೇಳನವು ಮೂಲಶಿಕ್ಷಣದ ವ್ಯಾಪ್ತಿಯನ್ನು ಹಿಗ್ಗಿಸಿ ಏಳು ವರ್ಷದೊಳಗಿನ ಮಕ್ಕಳನ್ನೂ ಒಳಗೆ ತೆಗೆದುಕೊಂಡಿತು. ನಮ್ಮ ಹಿರಿಯರಿಗೆ ತಿಳಿದಿದ್ದುದನ್ನೇ ನಾವು ಮರೆತು ಹೊರಗಿನ ಪ್ರಯೋಗಗಳಿಂದ ಮತ್ತೆ ಕಲಿಯುತ್ತಿದ್ದೇವೆ.

ಮೂರನೆಯದು ಕಡ್ಡಾಯವೆಂಬ ಮಾತಿಗೇ ಬರುವ ಆಕ್ಷೇಪ. ಮೂರು ವರ್ಷದ ಕೂಸು ಒಂದು ದಿನ ಹೋಗದಿದ್ದರೆ ತಂದೆಗೆ ದಂಡ ಹಾಕುವರೆ? ಇಲ್ಲಿ ಶಿಕ್ಷಣ ಹಕ್ಕಿನ ಕಾಯಿದೆಯೇ ನಮಗೆ ನೆರವಾಗುತ್ತದೆ. 'ಕಡ್ಡಾಯ ಶಿಕ್ಷಣ'ವೆಂದರೆ ಶಿಕ್ಷಣವನ್ನು ಒದಗಿಸುವ, ಮಕ್ಕಳು ಸೇರಿ ಬಂದು ಮುಗಿಸುವಂತೆ ನೋಡಿಕೊಳ್ಳುವ ಸರ್ಕಾರದ ಹೊಣೆಯೆಂದು ಅದರ ಎಂಟನೆಯ ಪ್ರಕರಣ ಅರ್ಥ ಹೇಳಿದೆ. ಒಳ್ಳೆಯ ಲಕ್ಷಣ; ಅದನ್ನು ಕೆಳಕ್ಕೆ ಇಳಿಸಿದರೆ ಸಾಕು. ಹಾಜರಿಯ ಕಡ್ಡಾಯವನ್ನು ಐದರ ವರ್ಷಕ್ಕೆ ಮಾತ್ರ ಇಡಬಹುದು. ಫಿನ್ಲೆಂಡ್ ದೇಶವು ೨೦೧೫ರಲ್ಲಿ ಶಾಲೆಗೆ ಹಿಂದಿನ ಒಂದು ವರ್ಷವನ್ನು ಮಾತ್ರ ಕಡ್ಡಾಯ ಮಾಡಿತು. ಫ್ರಾನ್ಸ್ ೨೦೧೯ರಲ್ಲಿ ಕಡ್ಡಾಯದ ವಯಸ್ಸನ್ನು ಆರರಿಂದ ಮೂರಕ್ಕೆ ಇಳಿಸಿದಾಗ, ಅಲ್ಲಿಯ ಮಕ್ಕಳಲ್ಲಿ ಬಹುತೇಕ ಎಲ್ಲರೂ ಆಗಲೇ ಶಾಲೆಗೆ ಹೋಗುತ್ತಿದ್ದರು. ತೋಟ ಮೊದಲು ಬಂದಿತು, ಕಟ್ಟಳೆ ಆಮೇಲೆ. ಮೆಕ್ಸಿಕೋ ಕಟ್ಟಳೆಯನ್ನು ಮೊದಲು ಮಾಡಿ, ಮೂರು ವರ್ಷದವರ ತರಗತಿಯನ್ನು ಎಲ್ಲರಿಗೂ ಮುಟ್ಟಿಸಲಾರದೆ ತೊಳಲಿತು. ಎರಡರಿಂದಲೂ ಕಲಿಯುವುದಿದೆ.

೬

ವಿಮರ್ಶಕನು ತಪ್ಪು ತೋರಿಸಿದ ಮೇಲೆ ತಿದ್ದಿ ತೋರಿಸಬೇಕೆಂದು ವಾಡಿಕೆ. ಶಿಕ್ಷಣವು ೧೯೭೬ರ ತಿದ್ದುಪಡಿಯಿಂದ ಕೇಂದ್ರಕ್ಕೂ ರಾಜ್ಯಕ್ಕೂ ಸಮಾನವಾದ ವಿಷಯ. ದೆಹಲಿಯ ದಾರಿ ನೋಡುತ್ತಲೇ ಕುಳಿತಿರಬೇಕಾಗಿಲ್ಲ. ೨೦೨೫ರ ಆಗಸ್ಟಿನಲ್ಲಿ ಪ್ರೊಫೆಸರ್ ಸುಖದೇವ್ ಥೋರಟರ ಅಧ್ಯಕ್ಷತೆಯ ಆಯೋಗವು ಕರ್ನಾಟಕ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಎರಡು ವರ್ಷದ ಶಾಲಾಪೂರ್ವ, ಎಂಟು ವರ್ಷದ ಪ್ರಾಥಮಿಕ, ನಾಲ್ಕು ವರ್ಷದ ಪ್ರೌಢ ಶಿಕ್ಷಣದ ಕ್ರಮವನ್ನು ಸೂಚಿಸಿದೆ. ಎರಡು ವರ್ಷಗಳು ಲೆಕ್ಕಕ್ಕೆ ಬಂದುವು. ಅವು ಕಟ್ಟಳೆಗೂ ಬರಬೇಕು. ನಮಗೆ ತೋರುವ ವಾಕ್ಯ ಇಷ್ಟು:

'ಮೂರು ವರ್ಷ ತುಂಬಿದ ಪ್ರತಿಯೊಂದು ಮಗುವಿಗೂ, ನಡೆದು ಹೋಗಬಹುದಾದ ದೂರದಲ್ಲಿ, ಅದರ ಮನೆಮಾತಿನಲ್ಲಿ, ಶುಲ್ಕವಿಲ್ಲದೆ, ಶಿಕ್ಷಣಕ್ಕೆಂದೇ ನೇಮಿಸಿ ತಕ್ಕ ವೇತನ ಕೊಟ್ಟ ಗುರುವಿರುವ ಶಿಶುವಿಹಾರವನ್ನು ಸರ್ಕಾರವು ಒದಗಿಸತಕ್ಕದ್ದು. ಒಂದನೆಯ ತರಗತಿಗೆ ಹಿಂದಿನ ವರ್ಷವನ್ನು ಕಡ್ಡಾಯ ಮೂಲಶಿಕ್ಷಣದ ಅಂಗವೆಂದೇ ಎಣಿಸತಕ್ಕದ್ದು. ಆರು ತುಂಬದ ಯಾವ ಮಗುವನ್ನೂ ಯಾವ ಶಾಲೆಯೂ ಪರೀಕ್ಷಿಸಕೂಡದು.'

ಇದರಲ್ಲಿ ಎರಡು ವಿಧಿಗಳಿವೆ, ಒಂದು ನಿಷೇಧವಿದೆ, ಅರ್ಥವಾದವಿಲ್ಲ. ಹೊಗಳಿಕೆ ಈಗಾಗಲೇ ಸಾಕಷ್ಟು ಆಗಿದೆ.

ಮನೆಮಾತೆಂಬುದನ್ನು ಸಾಹಿತ್ಯಪ್ರಿಯರಿಗೆ ಒತ್ತಿ ಹೇಳಬೇಕೆ? ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರು ಕನ್ನಡದ ಮಕ್ಕಳಿಗೆ ಪದ್ಯಗಳ ಭಂಡಾರವನ್ನೇ ಬಿಟ್ಟುಹೋದರು. ಅವು ಕಿವಿಗೆ ಬೀಳಬೇಕಾದ ವಯಸ್ಸು ಮೂರರಿಂದ ಆರು. ಆ ವಯಸ್ಸಿನಲ್ಲಿ ನಮ್ಮ ಮಕ್ಕಳು ಲಂಡನ್ನಿನ ಸೇತುವೆ ಬೀಳುವುದನ್ನು ಹಾಡುತ್ತಾರೆ. ಹದಿನೈದು ವರ್ಷದ ಬಳಿಕ ಕನ್ನಡಕ್ಕೆ ಓದುಗರಿಲ್ಲವೆಂದು ನಾವು ಸಭೆ ಸೇರಿ ವ್ಯಥೆಪಡುತ್ತೇವೆ.

ಕೊನೆಯದಾಗಿ ನಮ್ಮಂಥವರ ಮನೆಗಳಿಗೆ ಒಂದು ಮಾತು. ಹದಿನೈದು ವರ್ಷ, ಇಪ್ಪತ್ತು ವರ್ಷ ಈ ವಾಕ್ಯಗಳು ಹೀಗೆಯೇ ಉಳಿದದ್ದು ಏಕೆ? ಅವುಗಳ ದೋಷ ನಮಗೆ ತಾಕಲಿಲ್ಲ. ಸರ್ಕಾರ ಕೊಡದ ತೋಟವನ್ನು ನಾವು ಹಣ ಕೊಟ್ಟು ಕೊಂಡೆವು. ಕೊಂಡ ಮೇಲೆ ಅದು ತೋಟವೋ ಅಲ್ಲವೋ ಎಂದು ಕೂಡ ನೋಡಲಿಲ್ಲ. ಈ ಲೇಖಕನೂ ಅವರಲ್ಲಿ ಒಬ್ಬನು. 'ಬದನೆಕಾಯಿ' ಎಂದ ಮೊಮ್ಮಗಳು ಮರುವಾರ ಬೇರೊಂದು ಶಾಲೆಗೆ ಸೇರಿದಳು. ಅಲ್ಲಿಗೆ ಹೋಗುವ ದಾರಿಯಲ್ಲಿಯೇ, ಎರಡು ಬೀದಿಯಾಚೆ, ಒಂದು ಅಂಗನವಾಡಿಯಿತ್ತು. ಅದರ ಬಾಗಿಲಲ್ಲಿ ಮಕ್ಕಳ ಪುಟ್ಟ ಚಪ್ಪಲಿಗಳು ಸಾಲಾಗಿರುತ್ತಿದ್ದುವು. ಒಂದು ದಿನವೂ ನಾವು ಒಳಗೆ ಇಣಿಕಿ ನೋಡಿರಲಿಲ್ಲ. ಈಚೆಗೆ ಹೋಗಿ ನೋಡಿದೆವು. ಹೊತ್ತು ಹತ್ತೂವರೆ. ಕಾರ್ಯಕರ್ತೆ ಬಾಗಿಲ ಬಳಿ ಕುಳಿತು ಯಾವುದೋ ವಿವರವನ್ನು ತುಂಬುತ್ತಿದ್ದಳು. ಸಹಾಯಕಿ ಒಲೆಯ ಮುಂದಿದ್ದಳು. ಹದಿನೆಂಟು ಮಕ್ಕಳು ಚಾಪೆಯ ಮೇಲೆ ಕುಳಿತು, ಯಾರಾದರೂ ಬಂದು ಏನಾದರೂ ಆರಂಭಿಸುವರೆಂದು ಕಾಯುತ್ತಿದ್ದರು.